ಮೊಬೈಲ್ ತರಂಗಗಳು ಮತ್ತು ಸುರಕ್ಷತೆ: ಕಟ್ಟಡ ಮಾಲೀಕರು, ವರ್ತಕರು ತಿಳಿದಿರಬೇಕಾದ ಸಂಗತಿಗಳು

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳಲ್ಲಿ ಸ್ವಂತ ಕಟ್ಟಡವುಳ್ಳ ನಮ್ಮ ಸದಸ್ಯರಲ್ಲಿ ಅನೇಕರು ಒಂದಲ್ಲ ಒಂದು ಸಂದರ್ಭದಲ್ಲಿ ಈ ಪ್ರಶ್ನೆಯನ್ನು ಎದುರಿಸಿರುತ್ತಾರೆ. ತಾರಸಿಯ ಮೇಲೆ ಮೊಬೈಲ್ ಗೋಪುರ ನಿಲ್ಲಿಸಲು ಜಾಗ ಕೊಟ್ಟರೆ ಪ್ರತಿ ತಿಂಗಳೂ ನಿಶ್ಚಿತ ಬಾಡಿಗೆ ದೊರೆಯುತ್ತದೆ. ಆದರೆ ಕರಾರಿಗೆ ಸಹಿ ಬೀಳುವ ಮುನ್ನವೇ ನೆರೆಹೊರೆಯವರ ಆಕ್ಷೇಪಣೆ ಬರುತ್ತದೆ; ಮೇಲಿನ ಮಹಡಿಯ ಬಾಡಿಗೆದಾರರು ಮನೆ ಖಾಲಿ ಮಾಡುವ ಮಾತನ್ನಾಡುತ್ತಾರೆ. ಅದೇ ಬೀದಿಯ ನೆಲಮಾಳಿಗೆಯ ಅಂಗಡಿಯಲ್ಲಿ ಸಿಗ್ನಲ್ ಸಾಲದೆ ಗ್ರಾಹಕರ ಯುಪಿಐ ಪಾವತಿ ಅರ್ಧಕ್ಕೇ ನಿಂತಿರುತ್ತದೆ. ಗೋಪುರ ಬೇಡವೆಂಬ ಕೂಗು, ಸಿಗ್ನಲ್ ಇಲ್ಲವೆಂಬ ದೂರು ಎರಡೂ ಒಂದೇ ಬೀದಿಯಿಂದ ಏಳುವುದು ಇಂದಿನ ವಾಸ್ತವ.

ಈ ಗೊಂದಲಕ್ಕೆ ಮುಖ್ಯ ಕಾರಣವೆಂದರೆ ಚರ್ಚೆಯು ‘ಗೋಪುರ ಇದೆಯೇ, ಇಲ್ಲವೇ’ ಎಂಬಲ್ಲಿಗೇ ನಿಂತುಬಿಡುವುದು. ವಾಸ್ತವವಾಗಿ ಕೇಳಬೇಕಾದ ಪ್ರಶ್ನೆಗಳು ಎರಡು: ಆಂಟೆನಾದ ನೇರಕ್ಕೆ, ಅದೇ ಎತ್ತರದಲ್ಲಿ ಯಾರು ವಾಸಿಸುತ್ತಿದ್ದಾರೆ? ಕೈಯಲ್ಲಿರುವ ಫೋನು ಎಷ್ಟು ಶಕ್ತಿಯಿಂದ ತರಂಗ ಹೊರಸೂಸುತ್ತಿದೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತರೆ ಉಳಿದ ಬಹಳಷ್ಟು ಆತಂಕ ತಾನಾಗಿ ತಿಳಿಯಾಗುತ್ತದೆ. ಆ ದಿಸೆಯಲ್ಲಿ ಕೆಲವು ಮೂಲ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ತರಂಗಗಳ ಸ್ವಭಾವ

ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಅಂದಿನಿಂದ ಇಂದಿನವರೆಗೆ ತಂತ್ರಜ್ಞಾನ ಅನೇಕ ತಲೆಮಾರುಗಳನ್ನು ಕಂಡಿದ್ದರೂ ಮೂಲ ಸಾಧನ ಒಂದೇ: ರೇಡಿಯೋ ತರಂಗ. 900, 1800, 2100, 2300 ಮೆಗಾಹರ್ಟ್ಸ್ ಮುಂತಾದ ಆವೃತ್ತಿಗಳಲ್ಲಿ ಸೇವೆ ನಡೆಯುತ್ತದೆ. 2022ರ ಅಕ್ಟೋಬರ್‌ನಲ್ಲಿ ಬೆಂಗಳೂರೂ ಸೇರಿದಂತೆ ಕೆಲವು ನಗರಗಳಲ್ಲಿ ಆರಂಭವಾದ 5ಜಿ ಸೇವೆಗೆ 3300 ಮೆಗಾಹರ್ಟ್ಸ್‌ನ ಆಸುಪಾಸಿನ ಆವೃತ್ತಿಗಳೂ ಸೇರಿಕೊಂಡವು.

‘ವಿಕಿರಣ’ ಎಂಬ ಪದವನ್ನು ಕೇಳಿದೊಡನೆ ಜನರ ಮನಸ್ಸಿಗೆ ಬರುವುದು ಎಕ್ಸ್-ರೇ ಮತ್ತು ಅಣುಸ್ಥಾವರ. ಅವುಗಳ ಕಿರಣಗಳು ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಜೀವಕೋಶದ ಡಿ.ಎನ್.ಎ.ಗೆ ನೇರವಾಗಿ ಹಾನಿಯೆಸಗಬಲ್ಲವು. ಮೊಬೈಲ್ ತರಂಗದ ಒಂದು ಕಣದ ಶಕ್ತಿಯಾದರೋ ಅದಕ್ಕೆ ಬೇಕಾದುದಕ್ಕಿಂತ ಲಕ್ಷಾಂತರ ಪಟ್ಟು ಕಡಿಮೆ. ಕಣ್ಣಿಗೆ ಕಾಣುವ ಬೆಳಕಿಗಿಂತಲೂ ಬಹಳ ಕಡಿಮೆ. ಆದ್ದರಿಂದ ಇವನ್ನು ಅಯಾನೀಕರಿಸದ ತರಂಗಗಳೆಂದು ವರ್ಗೀಕರಿಸಲಾಗಿದೆ. ಇವುಗಳಿಂದ ದೃಢಪಟ್ಟಿರುವ ಮುಖ್ಯ ಪರಿಣಾಮವೆಂದರೆ ಅಂಗಾಂಶ ಬಿಸಿಯಾಗುವುದು. ದೀರ್ಘಕಾಲ ಮಾತನಾಡಿದಾಗ ಕಿವಿ ಬೆಚ್ಚಗಾಗುವುದಕ್ಕೆ ಮಾತ್ರ ತರಂಗಕ್ಕಿಂತ ಬ್ಯಾಟರಿಯ ಬಿಸಿ ಹಾಗೂ ಫೋನು ಕಿವಿಗೆ ಅಂಟಿಕೊಂಡಿರುವುದೇ ಹೆಚ್ಚಿನ ಮಟ್ಟಿಗೆ ಕಾರಣ.

ಮಿತಿಗಳು ನಿಗದಿಯಾದ ಬಗೆ

ಐಸಿಎನ್‌ಐಆರ್‌ಪಿ ಎಂಬ ಅಂತರರಾಷ್ಟ್ರೀಯ ಆಯೋಗವು ಹಾನಿಯ ಹೊಸ್ತಿಲನ್ನು ಶರೀರದ ಪ್ರತಿ ಕಿಲೋಗ್ರಾಂಗೆ ಸುಮಾರು 4 ವಾಟ್ ಎಂದು ಪರಿಗಣಿಸಿ, ಸಾರ್ವಜನಿಕರಿಗೆ ಅದರ 50ನೇ ಒಂದು ಭಾಗವನ್ನು, ಅಂದರೆ 0.08 ವಾಟ್ ಅನ್ನು ಮಿತಿಯಾಗಿ ಸೂಚಿಸಿದೆ. ಭಾರತ ಈ ಮಾರ್ಗಸೂಚಿಯನ್ನು 2008ರಲ್ಲಿ ಅಂಗೀಕರಿಸಿತು. 2010ರಲ್ಲಿ ನೇಮಕವಾದ ಅಂತರ ಸಚಿವಾಲಯ ಸಮಿತಿಯ ಶಿಫಾರಸಿನ ತರುವಾಯ 2012ರ ಸೆಪ್ಟೆಂಬರ್ 1ರಿಂದ ಗೋಪುರಗಳ ಮಿತಿಯನ್ನು ಮತ್ತೆ ಹತ್ತನೇ ಒಂದು ಭಾಗಕ್ಕೆ ಇಳಿಸಲಾಯಿತು. ಅದರ ಪ್ರಕಾರ 900 ಮೆಗಾಹರ್ಟ್ಸ್‌ನಲ್ಲಿ ಪ್ರತಿ ಚದರ ಮೀಟರಿಗೆ 0.45 ವಾಟ್, 1800ರಲ್ಲಿ 0.9 ವಾಟ್, 2000ಕ್ಕಿಂತ ಮೇಲಿನ ಆವೃತ್ತಿಗಳಲ್ಲಿ 1 ವಾಟ್ ಗರಿಷ್ಠ ಮಿತಿ.

ಫೋನಿನ ಅಳತೆ ಬೇರೆ. ಅದನ್ನು ‘ಸಾರ್’ ಮೌಲ್ಯವೆಂದು ಕರೆಯುತ್ತಾರೆ. ಶರೀರದ ಅಂಗಾಂಶ ಹೀರಿಕೊಳ್ಳುವ ಶಕ್ತಿಯ ಪ್ರಮಾಣವಿದು. ಭಾರತದಲ್ಲಿ ಇದು 1 ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಪ್ರತಿ ಕಿಲೋಗ್ರಾಂಗೆ 1.6 ವಾಟ್ ಮೀರಬಾರದು. 2013ರ ಸೆಪ್ಟೆಂಬರ್ 1ರಿಂದ ಮಾರಾಟವಾಗುವ ಎಲ್ಲ ಹ್ಯಾಂಡ್‌ಸೆಟ್‌ಗಳಿಗೂ ಇದು ಅನ್ವಯವಾಗಿದೆ. *#07# ಒತ್ತಿದರೆ ಅನೇಕ ಫೋನುಗಳಲ್ಲಿ ಈ ಮೌಲ್ಯ ಪರದೆಯ ಮೇಲೆ ಮೂಡುತ್ತದೆ.

ದೀಪದ ಬುಡದಲ್ಲಿ ಕತ್ತಲೆ

ಗೋಪುರ ಹೊತ್ತ ಕಟ್ಟಡದ ನಿವಾಸಿಗಳಿಗೇ ಅತಿ ಹೆಚ್ಚಿನ ತರಂಗ ತಾಗುತ್ತದೆಂಬುದು ಸಾಮಾನ್ಯ ನಂಬಿಕೆ. ವಸ್ತುಸ್ಥಿತಿ ಇದಕ್ಕೆ ವಿರುದ್ಧವಾದುದು. ಗೋಪುರದ ಆಂಟೆನಾ ತನ್ನ ಶಕ್ತಿಯನ್ನು ಕೆಳಕ್ಕೆ ಸುರಿಯುವುದಿಲ್ಲ. ವಾಹನದ ಮುಂದೀಪದಂತೆ ಎದುರಿಗೆ ಚೆಲ್ಲುತ್ತದೆ. ಮೇಲೆ-ಕೆಳಗೆ ಈ ಕಿರಣದ ಅಗಲ ಬಹು ಕಿರಿದು, ಕೆಲವೇ ಡಿಗ್ರಿಗಳಷ್ಟು. 20 ಮೀಟರ್ ಎತ್ತರದಲ್ಲಿರುವ ಆಂಟೆನಾ 6 ಡಿಗ್ರಿ ಕೆಳಮುಖವಾಗಿ ಬಾಗಿದ್ದರೂ ಅದರ ಮುಖ್ಯ ಕಿರಣ ನೆಲ ಮುಟ್ಟುವುದು ಸುಮಾರು 190 ಮೀಟರ್ ಆಚೆ. ನೇರ ಕೆಳಗೆ ತಲುಪುವುದು ಸೋರಿಕೆಯಷ್ಟೇ. ಅದನ್ನೂ ಕಾಂಕ್ರೀಟ್ ತಾರಸಿ ಮತ್ತಷ್ಟು ತಗ್ಗಿಸುತ್ತದೆ. ದೀಪದ ಬುಡದಲ್ಲಿ ಕತ್ತಲೆ ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಎದುರು ಕಟ್ಟಡದ ಸ್ಥಿತಿ ಹಾಗಲ್ಲ. ಒಂದು ಸರಳ ಲೆಕ್ಕವನ್ನು ಗಮನಿಸೋಣ. 20 ವಾಟ್ ಶಕ್ತಿಯನ್ನು ಆಂಟೆನಾ ಒಂದೇ ದಿಕ್ಕಿಗೆ 50 ಪಟ್ಟು ಕೇಂದ್ರೀಕರಿಸಿದರೆ ಆ ದಿಕ್ಕಿನಲ್ಲಿ ನಿಂತವರಿಗೆ ಅದು 1,000 ವಾಟ್‌ಗೆ ಸಮ. ಪೂರ್ಣ ಶಕ್ತಿಯಲ್ಲಿ, ಮುಖ್ಯ ಕಿರಣದ ನೇರದಲ್ಲಿ, 10 ಮೀಟರ್ ದೂರದಲ್ಲಿ ಪ್ರತಿ ಚದರ ಮೀಟರಿಗೆ 0.80 ವಾಟ್, 20 ಮೀಟರಿನಲ್ಲಿ 0.20 ವಾಟ್, 50 ಮೀಟರಿನಲ್ಲಿ 0.03 ವಾಟ್, 100 ಮೀಟರಿನಲ್ಲಿ 0.008 ವಾಟ್ ದೊರೆಯುತ್ತದೆ. ದೂರ ಎರಡರಷ್ಟಾದರೆ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. 900 ಮೆಗಾಹರ್ಟ್ಸ್‌ನ 0.45 ವಾಟ್ ಮಿತಿಯೊಡನೆ ಹೋಲಿಸಿದರೆ 10 ಮೀಟರಿನಲ್ಲಿ ಮಿತಿ ಮೀರಿದೆ. 20 ಮೀಟರಿನಲ್ಲಿ ಅರ್ಧಕ್ಕಿಂತ ಕಡಿಮೆಯಿದೆ.

ನಮ್ಮ ಬಡಾವಣೆಗಳ ವಿಶೇಷ ಸಮಸ್ಯೆ

ಈ ಲೆಕ್ಕವನ್ನು ದಕ್ಷಿಣ ಬೆಂಗಳೂರಿನ ಬೀದಿಗಳಿಗೆ ಅನ್ವಯಿಸಿ ನೋಡಬೇಕು. 40×60 ಅಡಿ ನಿವೇಶನವೆಂದರೆ ಸುಮಾರು 12×18 ಮೀಟರ್. 30×40 ಅಡಿಯದಾದರೆ 9×12 ಮೀಟರ್. 40 ಅಡಿ ರಸ್ತೆಯ ಅಗಲ 12 ಮೀಟರ್. ತಾರಸಿಯ ಮುಂಭಾಗದಲ್ಲಿರುವ ಆಂಟೆನಾಕ್ಕೂ ಎದುರು ಮನೆಯ ಕಿಟಕಿಗೂ ನಡುವೆ 15 ಮೀಟರ್ ಅಂತರವಿದೆಯೆಂದುಕೊಳ್ಳೋಣ. ಎರಡೂ ಒಂದೇ ಎತ್ತರದಲ್ಲಿದ್ದು ಒಂದೇ ಆಂಟೆನಾ ಇದ್ದರೆ 0.35 ವಾಟ್, ಮಿತಿಯೊಳಗೇ ಇದೆ. ಅದೇ ದಿಕ್ಕಿಗೆ ಅದೇ ಬಗೆಯ ಎರಡನೆಯ ಆಂಟೆನಾ ಸೇರಿದರೆ 0.70 ವಾಟ್, 900 ಮೆಗಾಹರ್ಟ್ಸ್‌ನ ಮಿತಿ ದಾಟಿತು. 30 ಅಡಿ ರಸ್ತೆಗಳಲ್ಲಿ ಅಂತರ ಇನ್ನೂ ಕಡಿಮೆ. ಆದರೆ ಆಂಟೆನಾ ಎದುರಿನ ಛಾವಣಿಗಿಂತ ನಾಲ್ಕೈದು ಮೀಟರ್ ಮೇಲಿದ್ದರೆ ಮುಖ್ಯ ಕಿರಣ ಆ ಮನೆಯ ತಲೆಯ ಮೇಲೆ ಹಾದುಹೋಗಿ, ಕಿಟಕಿಗೆ ತಲುಪುವ ಪ್ರಮಾಣ ಹತ್ತಾರು ಪಟ್ಟು ತಗ್ಗುತ್ತದೆ.

ದೂರಸಂಪರ್ಕ ಇಲಾಖೆಯು 2013ರ ಆಗಸ್ಟ್‌ನಿಂದ ಅನ್ವಯವಾಗುವಂತೆ ರಾಜ್ಯಗಳಿಗೆ ನೀಡಿದ ಸಲಹಾ ಮಾರ್ಗಸೂಚಿಯೂ ಇದನ್ನೇ ಹೇಳಿತ್ತು. ಒಂದೇ ದಿಕ್ಕಿಗೆ 2 ಆಂಟೆನಾಗಳಿದ್ದರೆ ಅದೇ ಎತ್ತರದ ಎದುರು ಕಟ್ಟಡ 35 ಮೀಟರ್, 4 ಇದ್ದರೆ 45 ಮೀಟರ್, 6 ಇದ್ದರೆ 55 ಮೀಟರ್, 12 ಇದ್ದರೆ 75 ಮೀಟರ್ ದೂರದಲ್ಲಿರಬೇಕು. ಬಹು ಆಂಟೆನಾಗಳಿರುವ ತಾರಸಿಯ ಬಳಕೆಯನ್ನು ಸಂಪೂರ್ಣವಾಗಿ ನಿರ್ಬಂಧಿಸುವುದು ಅಪೇಕ್ಷಣೀಯವೆಂದೂ ಅದರಲ್ಲಿ ತಿಳಿಸಲಾಗಿತ್ತು. ಸಂಡಿಗೆ ಒಣಗಿಸುವುದು, ಬಟ್ಟೆ ಹರವುವುದು, ನೀರಿನ ಟ್ಯಾಂಕ್ ಶುಚಿಗೊಳಿಸುವುದು ಎಲ್ಲವೂ ತಾರಸಿಯಲ್ಲೇ ನಡೆಯುವ ನಮ್ಮ ಮನೆಗಳಲ್ಲಿ ಈ ಸೂಚನೆಗೆ ವಿಶೇಷ ಮಹತ್ವವಿದೆ.

ಇನ್ನೊಂದು ಅಂಶವನ್ನು ಸದಸ್ಯರು ಮರೆಯಬಾರದು. 1948ರಲ್ಲಿ ಶಂಕುಸ್ಥಾಪನೆಗೊಂಡ ಜಯನಗರದಲ್ಲಿ ಮೊದಲು ಇದ್ದದ್ದು ತಗ್ಗಿನ ಮನೆಗಳು. ಇಂದು ಅವುಗಳ ಜಾಗದಲ್ಲಿ ನಾಲ್ಕು ಮಹಡಿಗಳು ಏಳುತ್ತಿವೆ. ಬಿಟಿಎಂ ಬಡಾವಣೆಯಲ್ಲಿ ಮನೆಗಳು ಪೇಯಿಂಗ್ ಗೆಸ್ಟ್ ವಸತಿಗಳಾಗಿ ಎತ್ತರವಾಗಿವೆ. ಆಂಟೆನಾ ನಿಲ್ಲಿಸಿದ ದಿನ ಎದುರಿಗೆ ಬರಿಯ ಆಕಾಶವಿದ್ದ ಕಡೆ ಹತ್ತು ವರ್ಷಗಳ ನಂತರ ಯಾರದೋ ಮಲಗುವ ಕೋಣೆ ಬಂದಿರಬಹುದು. ಅಂದು ಪಡೆದ ಪ್ರಮಾಣಪತ್ರ ಅಂದಿನ ಸನ್ನಿವೇಶಕ್ಕೆ ಸಂಬಂಧಿಸಿದ್ದು. ಎದುರಿಗೆ ಹೊಸ ಮಹಡಿ ಎದ್ದಾಗಲೆಲ್ಲ ಹೊಸ ಅಳತೆ ಆಗಬೇಕು.

ಕೈಯಲ್ಲಿರುವ ಫೋನು

ನಮ್ಮಲ್ಲಿ ಬಹುಪಾಲು ಜನರ ತಲೆಗೆ ತಾಗುವ ತರಂಗದಲ್ಲಿ ದೊಡ್ಡ ಪಾಲು ದೂರದ ಗೋಪುರದ್ದಲ್ಲ. ಕಿವಿಗೆ ಹಿಡಿದ ಫೋನಿನದು. ಅದರ ಶಕ್ತಿ ಅಲ್ಪವೇ. 4ಜಿ ಫೋನಿನ ಗರಿಷ್ಠ ಸಾಮರ್ಥ್ಯ ಸಾಮಾನ್ಯವಾಗಿ 0.2 ವಾಟ್. ಹಳೆಯ 2ಜಿ ಫೋನು 900 ಮೆಗಾಹರ್ಟ್ಸ್‌ನಲ್ಲಿ 2 ವಾಟ್‌ವರೆಗೆ ಸೂಸಿದರೂ ಎಂಟರಲ್ಲಿ ಒಂದು ಭಾಗ ಸಮಯ ಮಾತ್ರ ಸೂಸುವುದರಿಂದ ಸರಾಸರಿ 0.25 ವಾಟ್. ಆದರೆ ಅದು ಶರೀರದಿಂದ ಮೀಟರುಗಳ ದೂರದಲ್ಲಿಲ್ಲ, ಮಿಲಿಮೀಟರುಗಳ ದೂರದಲ್ಲಿದೆ.

ಇಲ್ಲಿಯೇ ಗಮನಾರ್ಹವಾದ ಒಂದು ತತ್ತ್ವವಿದೆ. ಫೋನು ಸದಾ ಪೂರ್ಣ ಶಕ್ತಿ ಬಳಸುವುದಿಲ್ಲ. ಗೋಪುರ ಹತ್ತಿರವಿದ್ದು ಸಂಪರ್ಕ ಉತ್ತಮವಾಗಿದ್ದರೆ ಮೆಲುದನಿಯಲ್ಲಿ ಮಾತನಾಡುವಂತೆ ಶಕ್ತಿಯನ್ನು ತಗ್ಗಿಸಿಕೊಳ್ಳುತ್ತದೆ. 2ಜಿ ಫೋನು ಸಹ 2 ವಾಟ್‌ನಿಂದ ಕೆಲವು ಮಿಲಿವಾಟ್‌ಗೆ ಇಳಿಯಬಲ್ಲದು. ಸಿಗ್ನಲ್ ಕ್ಷೀಣಿಸಿದಂತೆ ಕೂಗಿ ಕರೆಯುವಂತೆ ಶಕ್ತಿ ಹೆಚ್ಚಿಸಿಕೊಳ್ಳುತ್ತದೆ. ನೆಲಮಾಳಿಗೆಯ ಗೋದಾಮಿನಲ್ಲಿ, ಲಿಫ್ಟಿನಲ್ಲಿ ಬ್ಯಾಟರಿ ಬೇಗ ಖಾಲಿಯಾಗುವುದಕ್ಕೆ ಇದೂ ಒಂದು ಕಾರಣ. ಬಡಾವಣೆಯ ಎಲ್ಲ ಗೋಪುರಗಳನ್ನು ತೆಗೆಸಿದರೆ ಅಲ್ಲಿನವರ ತಲೆಗೆ ತಾಗುವ ತರಂಗ ಕಡಿಮೆಯಾಗುವ ಬದಲು ಹೆಚ್ಚಾಗುವ ಸಂಭವವಿದೆ ಎಂಬುದನ್ನು ನಿವಾಸಿಗಳ ಸಂಘಗಳಿಗೆ ತಾಳ್ಮೆಯಿಂದ ವಿವರಿಸಬೇಕಾಗಿದೆ.

ಸಂಶೋಧನೆಗಳು ಹೇಳುವುದೇನು?

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರ ಮೇ 31ರಂದು ಈ ತರಂಗಗಳನ್ನು 2ಬಿ ವರ್ಗಕ್ಕೆ, ಅಂದರೆ ‘ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯುಳ್ಳವು’ ಎಂಬ ವರ್ಗಕ್ಕೆ ಸೇರಿಸಿತು. ಸಾಕ್ಷ್ಯ ಸೀಮಿತವಾಗಿದ್ದು ಸಂಶಯ ಪೂರ್ಣವಾಗಿ ನಿವಾರಣೆಯಾಗದಿದ್ದಾಗ ಬಳಸುವ ವರ್ಗವಿದು. ಅಪಾಯದ ಪ್ರಮಾಣವನ್ನು ಅದು ಸೂಚಿಸುವುದಿಲ್ಲ. ಇದಕ್ಕೆ ಹಿನ್ನೆಲೆಯಾದ 13 ರಾಷ್ಟ್ರಗಳ ಇಂಟರ್‌ಫೋನ್ ಅಧ್ಯಯನ (2010) ಒಟ್ಟಾರೆ ಅಪಾಯ ಹೆಚ್ಚಳವನ್ನು ಕಾಣದಿದ್ದರೂ ಅತಿ ಹೆಚ್ಚು ಮಾತನಾಡಿದ ಹತ್ತನೇ ಒಂದು ಭಾಗದವರಲ್ಲಿ ಮಿದುಳಿನ ಗ್ಲಿಯೋಮಾ ಗೆಡ್ಡೆಯ ಪ್ರಮಾಣ ಹೆಚ್ಚಿರುವುದನ್ನು ಸೂಚಿಸಿತ್ತು. ಅದು ನೆನಪಿನ ದೋಷ ಮತ್ತು ಆಯ್ಕೆಯ ದೋಷದಿಂದಲೂ ಆಗಿರಬಹುದೆಂದು ಸಂಶೋಧಕರೇ ತಿಳಿಸಿದ್ದರು.

ತದನಂತರದ ಅಧ್ಯಯನಗಳು ಹೆಚ್ಚು ಸಮಾಧಾನಕರವಾಗಿವೆ. ಭಾರತವೂ ಪಾಲ್ಗೊಂಡ 14 ರಾಷ್ಟ್ರಗಳ ಮೊಬಿ-ಕಿಡ್ಸ್ ಅಧ್ಯಯನ (2021) ಯುವಜನರಲ್ಲಿ ಮೊಬೈಲ್ ಬಳಕೆಗೂ ಮಿದುಳಿನ ಗೆಡ್ಡೆಗೂ ಸಂಬಂಧ ಕಾಣಲಿಲ್ಲ. ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಅನುಸರಿಸಿದ ಯುರೋಪಿನ ಕಾಸ್ಮೋಸ್ ಅಧ್ಯಯನವೂ, ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯಂತೆ 63 ಅಧ್ಯಯನಗಳನ್ನು ಪರಿಶೀಲಿಸಿದ ಸಮೀಕ್ಷೆಯೂ 2024ರಲ್ಲಿ ಇದೇ ತೀರ್ಮಾನಕ್ಕೆ ಬಂದವು. ಅಮೆರಿಕದ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮ 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ ಗಂಡು ಇಲಿಗಳ ಹೃದಯದಲ್ಲಿ ಗೆಡ್ಡೆ ಕಂಡದ್ದು ನಿಜ. ಆದರೆ ಅಲ್ಲಿ ಇಲಿಗಳ ಇಡೀ ಶರೀರವನ್ನು ದಿನಕ್ಕೆ ಸುಮಾರು 9 ಗಂಟೆಗಳ ಕಾಲ, ಮನುಷ್ಯರಿಗಿಂತ ಬಹಳ ಹೆಚ್ಚಿನ ಪ್ರಮಾಣಕ್ಕೆ ಒಡ್ಡಲಾಗಿತ್ತು. ಒಟ್ಟಿನಲ್ಲಿ, ಭಯಪಡಲು ಆಧಾರವಿಲ್ಲ. ಆದರೆ ಖರ್ಚಿಲ್ಲದ ಎಚ್ಚರಿಕೆಗಳನ್ನು ಕೈಬಿಡಲು ಕಾರಣವೂ ಇಲ್ಲ.

ಕಾನೂನಿನ ಸ್ಥಿತಿಗತಿ

ನ್ಯಾಯಾಲಯಗಳ ನಿಲುವು ಏಕರೂಪವಾಗಿಲ್ಲ. ಗೋಪುರದಿಂದ ಆರೋಗ್ಯಕ್ಕೆ ಹಾನಿಯೆಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಕೇರಳ ಉಚ್ಚ ನ್ಯಾಯಾಲಯ 2006ರಲ್ಲಿ ಅಭಿಪ್ರಾಯಪಟ್ಟಿತು. ಶಾಲೆ, ಆಸ್ಪತ್ರೆಗಳ ಬಳಿಯ ಗೋಪುರಗಳನ್ನು ತೆರವುಗೊಳಿಸುವಂತೆ ರಾಜಸ್ಥಾನ ಉಚ್ಚ ನ್ಯಾಯಾಲಯ 2012ರ ನವೆಂಬರ್‌ನಲ್ಲಿ ಆದೇಶಿಸಿತು. ಕ್ಯಾನ್ಸರ್ ಪೀಡಿತರೊಬ್ಬರ ಅರ್ಜಿಯ ಮೇರೆಗೆ ಗ್ವಾಲಿಯರ್‌ನ ಒಂದು ಗೋಪುರವನ್ನು ಸ್ಥಗಿತಗೊಳಿಸಲು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಸೂಚಿಸಿತು. ಕಟ್ಟಡ ಮಾಲೀಕರು ಇದರಿಂದ ಗ್ರಹಿಸಬೇಕಾದ್ದೇನೆಂದರೆ, ವಿವಾದ ನ್ಯಾಯಾಲಯದ ಮೆಟ್ಟಿಲೇರಿದಾಗ ಬಾಯಿಮಾತಿನ ಭರವಸೆಗಿಂತ ಅಳತೆಯ ದಾಖಲೆ ಕೈಯಲ್ಲಿರುವುದು ಮೇಲು.

ಕರ್ನಾಟಕ ಸರ್ಕಾರ ಹೊಸ ಗೋಪುರಗಳ ಸ್ಥಾಪನೆ ಕುರಿತು 2019ರಲ್ಲಿ ನಿಯಮಾವಳಿ ರೂಪಿಸಿತು. ಕೇಂದ್ರದ 2022ರ ತಿದ್ದುಪಡಿಯು ಖಾಸಗಿ ಕಟ್ಟಡದ ಮೇಲಿನ ಸ್ಥಾಪನೆಗೆ ಸ್ಥಳೀಯ ಸಂಸ್ಥೆಗೆ ಲಿಖಿತ ಸೂಚನೆ ಮತ್ತು ಸ್ಟ್ರಕ್ಚರಲ್ ಎಂಜಿನಿಯರರ ಪ್ರಮಾಣಪತ್ರ ಸಲ್ಲಿಸಿದರೆ ಸಾಕೆಂದಿತು. 2023ರ ದೂರಸಂಪರ್ಕ ಕಾಯ್ದೆಯಡಿ ಹೊಸ ಮಾರ್ಗಾಧಿಕಾರ ನಿಯಮಗಳು 2025ರ ಜನವರಿ 1ರಿಂದ ಜಾರಿಗೆ ಬಂದಿವೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳೂ ಅಸ್ತಿತ್ವಕ್ಕೆ ಬಂದವು. ಆದಕಾರಣ ಹಳೆಯ ಕರಾರಿನ ಮಾದರಿಯನ್ನೇ ಮುಂದುವರಿಸದೆ, ತಮ್ಮ ಪಾಲಿಕೆಯಲ್ಲಿ ವಿಚಾರಿಸಿ ಮುಂದುವರಿಯುವುದು ಕ್ಷೇಮ.

ಸದಸ್ಯರಿಗೆ ಕೆಲವು ಸಲಹೆಗಳು

ತಾರಸಿಯನ್ನು ಬಾಡಿಗೆಗೆ ಕೊಡುವವರಿಗೆ:

1. ಆಂಟೆನಾಗಳ ಸಂಖ್ಯೆ, ಎತ್ತರ, ದಿಕ್ಕು ಹಾಗೂ ಎದುರು ಕಟ್ಟಡಗಳ ದೂರವನ್ನು ತೋರಿಸುವ ನಕ್ಷೆಯನ್ನು ಕರಾರಿಗೆ ಲಗತ್ತಿಸಿಕೊಳ್ಳಿ. ತಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಹೊಸ ಆಂಟೆನಾ ಸೇರಿಸಬಾರದೆಂಬ ಷರತ್ತು ಇರಲಿ.

2. ತರಂಗ ಮಿತಿಗೆ ಬದ್ಧವಾಗಿದೆಯೆಂದು ಸೇವಾ ಸಂಸ್ಥೆ ಇಲಾಖೆಗೆ ಸಲ್ಲಿಸುವ ಸ್ವಯಂ ದೃಢೀಕರಣದ ಪ್ರತಿ, ಕಟ್ಟಡದ ಸ್ಥಿರತೆಯ ಪ್ರಮಾಣಪತ್ರ, ಜನರೇಟರಿನ ಪರೀಕ್ಷಾ ಪ್ರಮಾಣಪತ್ರ ಇವುಗಳನ್ನು ಕೇಳಿ ಪಡೆಯಿರಿ.

3. ಆಂಟೆನಾಗಳ ಮುಂಭಾಗಕ್ಕೆ ಯಾರೂ ಹೋಗದಂತೆ ಬೇಲಿ, ಕನ್ನಡದಲ್ಲಿ ಎಚ್ಚರಿಕೆ ಫಲಕ ಹಾಗೂ ತಾರಸಿ ಬಾಗಿಲಿಗೆ ಬೀಗ ಇರಲಿ. ಬಣ್ಣ ಬಳಿಯುವವರು, ಪ್ಲಂಬರ್‌ಗಳು ಆಂಟೆನಾದ ಎದುರು ಕೆಲಸ ಮಾಡಬೇಕಾದಾಗ ಮೊದಲೇ ತಿಳಿಸಿ ಪ್ರಸಾರ ನಿಲ್ಲಿಸಿಕೊಳ್ಳಿ. ನಿಜವಾದ ಅಪಾಯಕ್ಕೆ ಅತಿ ಸಮೀಪ ಇರುವವರು ಈ ಕೆಲಸಗಾರರೇ.

4. ನೆರೆಯವರು ಆಕ್ಷೇಪಿಸಿದರೆ ವಾಗ್ವಾದಕ್ಕಿಳಿಯದೆ ಅಳತೆಗೆ ಒಪ್ಪಿ. 2017ರ ಮೇ ತಿಂಗಳಲ್ಲಿ ಆರಂಭವಾದ ತರಂಗ ಸಂಚಾರ್ ವ್ಯವಸ್ಥೆಯಡಿ ಯಾವ ನಾಗರಿಕರೇ ಆಗಲಿ ಶುಲ್ಕ ತೆತ್ತು ತಮ್ಮ ಸ್ಥಳದಲ್ಲಿ ಇಲಾಖೆಯಿಂದಲೇ ಅಳತೆ ಮಾಡಿಸಬಹುದು. ಆರಂಭದಲ್ಲಿ ಇದಕ್ಕೆ 4,000 ರೂ. ನಿಗದಿಯಾಗಿತ್ತು. ಈ ಖರ್ಚನ್ನು ಮಾಲೀಕರೇ ಭರಿಸಿದರೆ ನೆರೆಹೊರೆಯ ವಿಶ್ವಾಸ ಉಳಿಯುತ್ತದೆ.

ಅಂಗಡಿ, ಕಚೇರಿಗಳನ್ನು ನಡೆಸುವವರಿಗೆ:

5. ನೆಲಮಾಳಿಗೆಯಲ್ಲಿ ಸಿಗ್ನಲ್ ಸಾಲದಿದ್ದರೆ ಮಾರುಕಟ್ಟೆಯಲ್ಲಿ ದೊರೆಯುವ ಅನಧಿಕೃತ ಬೂಸ್ಟರ್ ಅಳವಡಿಸಬೇಡಿ. ಅದು ಕಾನೂನುಬಾಹಿರವಷ್ಟೇ ಅಲ್ಲ, ಸುತ್ತಲಿನ ಬಳಕೆದಾರರ ಸಂಪರ್ಕವನ್ನೂ ಕೆಡಿಸುತ್ತದೆ. ವೈಫೈ ಮೂಲಕ ಕರೆ ಮಾಡುವ ಸೌಲಭ್ಯ ಬಳಸಬಹುದು. ಇಲ್ಲವೇ ಒಳಾಂಗಣ ವ್ಯವಸ್ಥೆಗೆ ಸೇವಾ ಸಂಸ್ಥೆಯನ್ನೇ ಕೋರಬಹುದು.

6. ದಿನವಿಡೀ ಫೋನಿನಲ್ಲಿ ಮಾತನಾಡುವ ಸಿಬ್ಬಂದಿಗೆ ಇಯರ್‌ಫೋನ್ ಒದಗಿಸಿ. ಫೋನು ತಲೆಯಿಂದ ಒಂದು ಗೇಣು ದೂರ ಹೋದರೂ ತಾಗುವ ಪ್ರಮಾಣ ಬಹಳವಾಗಿ ತಗ್ಗುತ್ತದೆ. ಪೇಸ್‌ಮೇಕರ್ ಅಳವಡಿಸಿಕೊಂಡವರು ಫೋನನ್ನು ಎದೆಯ ಜೇಬಿನಲ್ಲಿಡದೆ ಕನಿಷ್ಠ 15 ಸೆಂಟಿಮೀಟರ್ ದೂರವಿರಿಸಬೇಕು.

7. ಫೋನು ಮಾರುವ ವರ್ತಕರು ‘ವಿಕಿರಣ ತಡೆಯುವ’ ಅಂಟುಚೀಟಿ, ಚಿಪ್‌ಗಳನ್ನು ಮಾರುವ ಆಮಿಷಕ್ಕೆ ಒಳಗಾಗದಿರುವುದು ಒಳಿತು. ಅಂತಹ ವಸ್ತು ನಿಜಕ್ಕೂ ಆಂಟೆನಾವನ್ನು ಮರೆಮಾಡಿದರೆ ಫೋನು ಇನ್ನಷ್ಟು ಶಕ್ತಿ ಬಳಸುತ್ತದೆ; ಮರೆಮಾಡದಿದ್ದರೆ ಗ್ರಾಹಕರ ಹಣ ವ್ಯರ್ಥ. ಸಾರ್ ಮೌಲ್ಯವನ್ನು ತೋರಿಸಿ ವಿವರಿಸುವ ಅಂಗಡಿಗೆ ಗ್ರಾಹಕರು ಮರಳಿ ಬರುತ್ತಾರೆ.

ಉಪಸಂಹಾರ

ಗೋಪುರದಿಂದ ಬರುವ ಬಾಡಿಗೆ ಮಾಲೀಕರ ಹಕ್ಕು. ನಿಶ್ಚಿಂತೆಯಿಂದ ಮಲಗುವುದು ಎದುರು ಮನೆಯವರ ಹಕ್ಕು. ಇವೆರಡರ ನಡುವೆ ವಿರೋಧ ಇರಲೇಬೇಕೆಂದಿಲ್ಲ. ಆಂಟೆನಾವನ್ನು ನಾಲ್ಕೈದು ಮೀಟರ್ ಎತ್ತರಿಸುವುದು ಅಥವಾ ಅದರ ದಿಕ್ಕನ್ನು ಕೆಲವು ಡಿಗ್ರಿ ತಿರುಗಿಸುವುದು ಹಲವು ವಿವಾದಗಳಿಗೆ ಪರಿಹಾರವಾಗಬಲ್ಲದು. ಅದಕ್ಕೆ ಮೊದಲು ಅಳೆಯಬೇಕು. ಅಳೆದದ್ದನ್ನು ನೆರೆಯವರಿಗೆ ತೋರಿಸಬೇಕು. ತೂಕ, ಅಳತೆಗಳಲ್ಲಿ ನಂಬಿಕೆ ಗಳಿಸಿಕೊಂಡು ಬಂದ ವರ್ತಕ ಸಮುದಾಯಕ್ಕೆ ಇದು ಹೊಸ ಪಾಠವೇನಲ್ಲ. ತಮ್ಮ ತಾರಸಿಯ ಮೇಲೆ ಈಗಾಗಲೇ ಗೋಪುರವಿರುವ ಸದಸ್ಯರು ಒಮ್ಮೆ ಮೇಲೆ ಹೋಗಿ, ಆಂಟೆನಾ ಮುಖಮಾಡಿರುವ ದಿಕ್ಕಿನಲ್ಲಿ ಈಗ ಏನಿದೆ ಎಂಬುದನ್ನು ಕಣ್ಣಾರೆ ನೋಡಿ ಬರಲೆಂಬುದು ನಮ್ಮ ವಿನಂತಿ.